ನಡುವೆ ಬರುವ ಕೆಲಸಕ್ಕೂ ಒಂದು ಪಾಳಿ

ನೀರಿನಲ್ಲಿ ನೆನೆದು ಮೆತ್ತಗಾದ ತೊಗಲು ಹಲಗೆಯ ಮೇಲಿದೆ. ಅಟ್ಟೆಯ ಅಳತೆ ಇಟ್ಟು ಗೆರೆ ಎಳೆದಾಗಿದೆ, ರಂಪಿಗೆ ಕೈಯಲ್ಲಿದೆ. ಅಷ್ಟರಲ್ಲಿ ಬಾಗಿಲ ಬಳಿ ದನಿ: “ಮಾಮಾ, ಇದರ ಉಂಗುಟ ಕಿತ್ತದ ನೋಡ್ರಿ, ಎರಡ ಹೊಲಿಗಿ ಹಾಕಿ ಕೊಡ್ರಿ.” ಎರಡು ಹೊಲಿಗೆಗೆ ಎರಡು ನಿಮಿಷ ಸಾಕು. ಆದರೆ ಅದಕ್ಕಾಗಿ ಏಳಬೇಕು, ಆರಿ ಹುಡುಕಬೇಕು, ಬಂದವರ ಊರಿನ ಮಳೆ ಬೆಳೆ ವಿಚಾರಿಸಬೇಕು, ಚಿಲ್ಲರೆ ತರಬೇಕು. ಮರಳಿ ಬಂದು ಕೂರುವ ಹೊತ್ತಿಗೆ ತೊಗಲಿನ ಅಂಚು ಬಿರುಸಾಗಿರುತ್ತದೆ. ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿ ಮಾಡುವ ಮನೆಗಳಿಗೆ ಇದು ನಿತ್ಯದ ಪಾಡು.

ಇವರು ಮಾಡುವ ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಸೂಚಕ ಮಾನ್ಯತೆಯಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ಬೆಳಗಾವಿಯೂ ಸೇರಿ ಕರ್ನಾಟಕದ 4 ಜಿಲ್ಲೆಗಳಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾದಾ ಕಂಪನಿ ಮಿಲಾನ್‌ನ ಫ್ಯಾಷನ್ ಪ್ರದರ್ಶನದಲ್ಲಿ ಇದೇ ಬಗೆಯ ಚಪ್ಪಲಿ ತೋರಿಸಿದಾಗ ಲೋಕವೆಲ್ಲ ಇದರ ಹೆಸರು ಮಾತಾಡಿತು. ಇಷ್ಟು ಹೆಸರಾದ ಕಸುಬು ಇಂದಿಗೂ ನಡೆಯುವುದು ಬೀದಿಗೆ ಬಾಗಿಲು ತೆರೆದ ಪಡಸಾಲೆಯಲ್ಲಿ. ಬೀಡಿ ಕಟ್ಟುವುದು, ಹೊಲಿಗೆ, ಝೆರಾಕ್ಸ್ ಅಂಗಡಿ, ಹಾಲಿನ ಡೇರಿ, ಕಿರಾಣಿ ಅಂಗಡಿ, ಎಲ್ಲದರದೂ ಇದೇ ಕತೆ. ಬಾಗಿಲು ಹಾಕಿಕೊಳ್ಳಿ, ಫೋನ್ ಬಂದ್ ಮಾಡಿ ಎಂದು ದೊಡ್ಡ ಊರಿನ ಆಫೀಸಿನವರಿಗೆ ಕೊಡುವ ಸಲಹೆ ಚಿಕ್ಕೋಡಿ, ರಾಯಬಾಗದ ಅಂಗಡಿಕಾರರಿಗೆ ಒಗ್ಗುವುದಿಲ್ಲ. ಇಲ್ಲಿ ನಡುವೆ ಬರುವವರೇ ಗಿರಾಕಿ, ಅವರೇ ಬೀಗರು, ನಾಳೆ ನಮ್ಮ ಕಷ್ಟಕ್ಕೆ ಓಡಿ ಬರುವವರೂ ಅವರೇ.

ಹಾಗಾದರೆ ದಾರಿ ಯಾವುದು? ನಮ್ಮ ರೈತರನ್ನು ನೋಡಿ ಕಲಿಯಬಹುದು. ಪಂಪ್‌ಸೆಟ್‌ಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಕರೆಂಟ್, ಅದೂ ಪಾಳಿಯ ಮೇಲೆ. ಪಾಳಿ ಬಂದಾಗ ರೈತ ಹೊಲದಲ್ಲಿರುತ್ತಾನೆ. ಮದುವೆ ಕಾರ್ಡ್ ಹಂಚುವುದು, ಸೊಸೈಟಿಗೆ ಹೋಗಿ ಬರುವುದು, ಸಲಿಕೆಗೆ ಕಾವು ಹಾಕಿಸುವುದು ಕರೆಂಟ್ ಹೋದ ಮೇಲೆ. ಸಣ್ಣ ಕೆಲಸವನ್ನು ಆತ ಬಿಡುವುದಿಲ್ಲ, ಅದಕ್ಕೂ ಒಂದು ಹೊತ್ತು ಇಡುತ್ತಾನೆ. ಅಂಗಡಿಯಲ್ಲಿ, ಮನೆಯಲ್ಲಿ, ಕಚೇರಿಯಲ್ಲಿ ಕೂತು ದುಡಿಯುವವರು ಅದನ್ನೇ ಹಂತ ಹಂತವಾಗಿ ಹೇಗೆ ಮಾಡಬಹುದು ಎಂಬುದನ್ನು ಮುಂದೆ ಹೇಳಿದ್ದೇನೆ.

ಮೊದಲ ಹಂತ: ಬಿಟ್ಟೇಳಲಾಗದ ಕೆಲಸ ಯಾವುದೆಂದು ಗೊತ್ತುಮಾಡಿಕೊಳ್ಳಿ

ದಿನದ ಎಲ್ಲ ಕೆಲಸಕ್ಕೂ ಏಕಾಗ್ರತೆ ಬೇಡ. ಹಸಿ ತೊಗಲು ಕತ್ತರಿಸುವಾಗ ಏಳುವಂತಿಲ್ಲ. ಚಪ್ಪಲಿಯ ಜಡೆಯನ್ನು ಮಾತಾಡುತ್ತಲೇ ಹೆಣೆಯಬಹುದು. ಟೇಲರ್‌ಗೆ ಬಟ್ಟೆ ಕತ್ತರಿಸುವುದು ಬಿಟ್ಟೇಳಲಾಗದ ಕೆಲಸ, ಗುಂಡಿ ಹಚ್ಚುವುದು ಯಾವಾಗ ಬೇಕಾದರೂ ನಿಲ್ಲಿಸಬಹುದಾದ ಕೆಲಸ. ಆನ್‌ಲೈನ್ ಅರ್ಜಿ ತುಂಬುವವರಿಗೆ ಒಟಿಪಿ ಬಂದ ಮೇಲಿನ ನಾಲ್ಕೈದು ನಿಮಿಷ ಮೊದಲನೆಯ ಬಗೆ, ಝೆರಾಕ್ಸ್ ತೆಗೆಯುವುದು ಎರಡನೆಯ ಬಗೆ. ಡೇರಿಯವರಿಗೆ ಹಾಲು ಅಳೆದು ಫ್ಯಾಟ್ ನೋಡಿ ಬರೆಯುವ ಬೆಳಗಿನ ಹೊತ್ತು, ಶಿಕ್ಷಕರಿಗೆ ಅಂಕಗಳ ಕೂಡುವಿಕೆ.

ಈ ವಿಂಗಡಣೆಯನ್ನು ನಿಪ್ಪಾಣಿಯ ಬೀಡಿ ಕಟ್ಟುವ ಹೆಣ್ಣುಮಕ್ಕಳಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಅವರ ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಎಲೆ ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಹದಕ್ಕೆ ತರುವುದು ಮೊದಲು, ತಗಡಿನ ಅಳತೆ ಇಟ್ಟು ಕತ್ತರಿಸುವುದು ಆಮೇಲೆ, ತಂಬಾಕು ತುಂಬಿ ಸುರುಳಿ ಸುತ್ತಿ ದಾರ ಬಿಗಿಯುವುದು ಕೊನೆಗೆ. ಮನೆಯಲ್ಲಿ ಮಕ್ಕಳ ಗಲಾಟೆ ಇದ್ದಾಗ, ಯಾರಾದರೂ ಬಂದು ಕೂತಾಗ ಎಲೆ ಕತ್ತರಿಸುವ ಕೆಲಸ. ಮನೆ ಶಾಂತವಾದಾಗ ಸುತ್ತುವ ಕೆಲಸ. ನಡುವೆ ಏಳಲೇಬೇಕಾಗಿ ಬಂದರೆ ಕೈಯಲ್ಲಿರುವ 25ರ ಕಟ್ಟು ಪೂರ್ತಿ ಮಾಡಿ ಏಳುವುದು. ಅರ್ಧ ಕಟ್ಟು ಬಿಟ್ಟೆದ್ದರೆ ಮತ್ತೆ ಎಣಿಸುವ ಕೆಲಸ ಬೀಳುತ್ತದೆ. ಮಗುವಿಗೆ ಹಾಲು, ಒಲೆಯ ಮೇಲೆ ಬೇಳೆ, ಅತ್ತೆಯ ಗುಳಿಗೆ, ಇಷ್ಟನ್ನೂ ನೋಡುತ್ತ ಲೆಕ್ಕ ತಪ್ಪದಂತೆ ದುಡಿಯುವ ಈ ಬುದ್ಧಿಗೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಿಮ್ಮ ಕೆಲಸವನ್ನೂ ಹೀಗೆ ಎರಡು ಪಾಲು ಮಾಡಿ. ಬಿಟ್ಟೇಳಲಾಗದ ಕೆಲಸಕ್ಕೆ ಯಾವ ಹೊತ್ತು ಎಂದು ತಿಳಿಯಲು ಮೂರು ನಾಲ್ಕು ದಿನ ಒಂದು ಹಾಳೆ ಇಟ್ಟುಕೊಂಡು, ಎದ್ದಾಗಲೆಲ್ಲ ಗಂಟೆಯ ಎದುರು ಒಂದು ಗೀಟು ಹಾಕಿ. ಸಂತೆಯ ದಿನ ಯಾವಾಗ ಜನ ನುಗ್ಗುತ್ತಾರೆ, ಶಾಲೆ ಬಿಟ್ಟ ಮೇಲೆ ಏನಾಗುತ್ತದೆ, ಹಳ್ಳಿಯ ಬಸ್ ಬಂದು ನಿಂತ ಮೇಲಿನ ಅರ್ಧ ಗಂಟೆ ಹೇಗಿರುತ್ತದೆ ಎಂಬುದು ಆ ಗೀಟುಗಳಲ್ಲೇ ತಿಳಿಯುತ್ತದೆ. ಗೀಟು ಕಡಿಮೆ ಬಿದ್ದ ಹೊತ್ತೇ ನಿಮ್ಮ ತ್ರೀ ಫೇಸ್ ಪಾಳಿ.

ಎರಡನೆಯ ಹಂತ: ದಿನವನ್ನು ಕಂಠಮಟ್ಟ ತುಂಬಬೇಡಿ

ಎಂಟು ಗಂಟೆಯ ದುಡಿಮೆಗೆ ಎಂಟು ಗಂಟೆಯ ಕೆಲಸ ಬರೆದುಕೊಂಡರೆ ಮೊದಲ ಗಿರಾಕಿ ಬಂದ ಕೂಡಲೇ ಯೋಜನೆ ಮುರಿಯಿತು. ಐದು ಗಂಟೆಯ ಕೆಲಸ ಬರೆಯಿರಿ. ಉಳಿದ ಮೂರು ಗಂಟೆ ಬರುವವರದು, ಅವರು ಬಂದೇ ಬರುತ್ತಾರೆ. ಬಾರದಿದ್ದರೆ ನಾಳೆಯ ಕೆಲಸ ಇಂದೇ ಆಯಿತು. ದಿನಕ್ಕೊಂದೇ ದೊಡ್ಡ ಕೆಲಸ, ಸಾಧ್ಯವಾದಷ್ಟು ಮಧ್ಯಾಹ್ನದ ಊಟಕ್ಕೆ ಮೊದಲು. ಗಿರಾಕಿಗೆ ಮಾತು ಕೊಡುವಾಗಲೂ ಇದೇ ಲೆಕ್ಕ ಹಿಡಿಯಿರಿ. ಕೈಬಿಡುವಿಲ್ಲದೆ ದುಡಿದರೆ ಮಂಗಳವಾರ ಮುಗಿಯುತ್ತದೆ ಎನಿಸಿದ ಜಂಪರಿಗೆ ಗುರುವಾರ ಎಂದು ಹೇಳಿ, ಬುಧವಾರವೇ ಮುಗಿಸಿ ಇಡಿ.

ಮೂರನೆಯ ಹಂತ: ಒಂದೇ ವಹಿ

ಸಣ್ಣ ಕೆಲಸಗಳನ್ನು ತಲೆಯಲ್ಲಿ ಇಟ್ಟುಕೊಳ್ಳಬೇಡಿ. ಅಂಗೈ, ಬೀಡಿ ಪಾಕೀಟು, ಕ್ಯಾಲೆಂಡರಿನ ಅಂಚು, ಲಗ್ನಪತ್ರಿಕೆಯ ಬೆನ್ನು, ಇಲ್ಲೆಲ್ಲ ಬರೆದದ್ದು ಬೇಕಾದಾಗ ಸಿಗುವುದಿಲ್ಲ. ಒಂದೇ ವಹಿ ಇರಲಿ, ಅದಕ್ಕೆ ಪೆನ್ನನ್ನು ದಾರದಿಂದ ಕಟ್ಟಿ, ಕೈಗೆಟುಕುವ ಮೊಳೆಗೆ ತೂಗುಹಾಕಿ. ಉದ್ರಿಯ ವಹಿ ಬೇರೆ, ಇದು ಬೇರೆ. ಪ್ರತಿ ಸಾಲಿನಲ್ಲಿ ಮೂರು ಸಂಗತಿ: ಏನು ಮಾಡಬೇಕು, ಅದಕ್ಕೆ ಏನು ಬೇಕು, ಯಾವಾಗ ಇಲ್ಲವೇ ಎಲ್ಲಿಗೆ ಹೋದಾಗ.

“ಕಾಕಾನ ಉತಾರ. ಸರ್ವೆ ನಂಬರ್ ಕೇಳಬೇಕು. ಶನಿವಾರದೊಳಗ.”
“ಮಗಳ ಸ್ಕಾಲರ್‌ಶಿಪ್. ಎರಡು ಫೋಟೊ, ಪಾಸ್‌ಬುಕ್ ಝೆರಾಕ್ಸ್. ಇವತ್ತ ಸಂಜಿಕ.”
“ಮಷಿನ್ ಬೆಲ್ಟ್. ಹಳೇದ ತಗೊಂಡ ಹೋಗಬೇಕು. ಚಿಕ್ಕೋಡಿಗೆ ಹೋದಾಗ.”

ಮೂರನೆಯ ಸಂಗತಿ ಬರೆಯದೆ ಬಿಡಬೇಡಿ. ಮುಗಿಯದ ಕೆಲಸ ಮನಸ್ಸನ್ನು ಕಾಡುತ್ತದೆ ಎಂಬುದನ್ನು ಮನೋವಿಜ್ಞಾನಿ ಬ್ಲೂಮಾ ಜೈಗಾರ್ನಿಕ್ 1927ರಷ್ಟು ಹಿಂದೆಯೇ ಬರೆದಿದ್ದರು. 2011ರಲ್ಲಿ ಅಮೆರಿಕದ ಮ್ಯಾಸಿಕ್ಯಾಂಪೊ ಮತ್ತು ಬಾಮೈಸ್ಟರ್ ಅದನ್ನು ಮುಂದುವರಿಸಿ, ಕೆಲಸ ಮುಗಿಯದಿದ್ದರೂ ಯಾವಾಗ ಹೇಗೆ ಮಾಡುತ್ತೇವೆ ಎಂದು ಖಚಿತ ಮಾಡಿಕೊಂಡರೆ ಸಾಕು, ಕಾಟ ತಗ್ಗುತ್ತದೆ ಎಂದು ತೋರಿಸಿದರು. ಬರೆದು ಮುಗಿಸಿದ ಕ್ಷಣಕ್ಕೆ ಕೈ ಮತ್ತೆ ರಂಪಿಗೆ ಹಿಡಿಯುತ್ತದೆ. ಮಾಡಿ ನೋಡಿದವರಿಗೆ ಇದು ಗೊತ್ತು.

ನಾಲ್ಕನೆಯ ಹಂತ: ಬಂದವರಿಗೆ ಕೂಡಲು ಜಾಗ, ಕೈಗೆ ಹೊತ್ತು

ಅಂಗಡಿಗೆ ಬಂದವರಿಗೆ “ಆಮ್ಯಾಲ ಬರ್ರಿ” ಎನ್ನುವುದು ಕೆಟ್ಟ ಉತ್ತರ. ಅದರಲ್ಲಿ ಗಂಟೆ ಇಲ್ಲ. ಅವರು ಅರ್ಧ ಗಂಟೆಗೆ ಮತ್ತೆ ಬರುತ್ತಾರೆ, ನಡುವೆ ಎರಡು ಸಲ ಫೋನ್ ಮಾಡುತ್ತಾರೆ. ಒಂದು ತಡೆ ಇದ್ದದ್ದು ನಾಲ್ಕಾಗುತ್ತದೆ. ಗಂಟೆ ಹೇಳಿ: “ಅಕ್ಕಾರ, ನಾಕಕ್ಕ ಬರ್ರಿ, ಮಾಡಿ ಇಟ್ಟಿರ್ತೀನಿ.” ಹೇಳಿದ ಮೇಲೆ ನಾಲ್ಕಕ್ಕೆ ಅದು ಆಗಿರಲೇಬೇಕು. ಎರಡು ಮೂರು ಸಲ ಮಾತು ಉಳಿಸಿಕೊಂಡರೆ ಜನ ನಿಮ್ಮ ನಾಲ್ಕು ಗಂಟೆಯನ್ನು ನಂಬತೊಡಗುತ್ತಾರೆ, ಬೆಳಗಿನ ನುಗ್ಗಾಟ ತಾನಾಗಿ ಸಂಜೆಗೆ ಸರಿಯುತ್ತದೆ.

ಕೂತು ಕಾಯುವೆ ಎನ್ನುವವರಿಗೆ ಬೆಂಚು ಇರಲಿ, ನೀರಿನ ತಂಬಿಗೆ ಇರಲಿ. “ಕುಂದರ್ರಿ ಕಾಕಾ, ಇದೊಂದ ಅಟ್ಟಿ ಮುಗಿಸಿ ಕೈ ತೊಳಕೊಂಡ ಬರ್ತೀನಿ.” ನಿಪ್ಪಾಣಿ, ಕಾಗವಾಡದ ಕಡೆ ಗಿರಾಕಿ ಮರಾಠಿಯವರಾದರೆ “ಪಾಚ್ ಮಿನಿಟ್ ಬಸಾ, ಮಾಮಾ.” ಮುಖ ನೋಡಿ, ಹೆಸರು ಹಿಡಿದು ಇಷ್ಟು ಹೇಳಿದರೆ ನಮ್ಮ ಭಾಗದಲ್ಲಿ ಯಾರೂ ಸಿಟ್ಟಾಗುವುದಿಲ್ಲ. ತಲೆ ಎತ್ತದೆ ಹೂಂಗುಟ್ಟಿದರೆ ಆಗುತ್ತಾರೆ. ಚಹಾ ತರಿಸುವುದಿದ್ದರೆ ಕಾಯುವಾಗಲೇ ತರಿಸಿ, ಕೆಲಸ ಮುಗಿದ ಮೇಲೆ ತರಿಸಿದರೆ ಇನ್ನೊಂದು ಅರ್ಧ ಗಂಟೆ ಹೋಯಿತು.

ಎರಡು ನಿಮಿಷದಲ್ಲಿ ಆಗುವುದನ್ನು ಆಗಲೇ ಮಾಡಿ ಮುಗಿಸಿ ಎಂಬ ಸೂತ್ರವನ್ನು ಅಮೆರಿಕದ ಡೇವಿಡ್ ಆ್ಯಲನ್ 2001ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಿಂದ ಜನಪ್ರಿಯ ಮಾಡಿದರು. ಮೇಜಿನ ಮುಂದೆ ಕೂತು ಪತ್ರ ನೋಡುವವರಿಗೆ ಅದು ಒಳ್ಳೆಯದೇ. ಬಸ್ ಸ್ಟ್ಯಾಂಡ್ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಎರಡು ನಿಮಿಷದ ಕೆಲಸ ಗಂಟೆಗೆ ಇಪ್ಪತ್ತು ಬರುತ್ತವೆ. ಈ ಸೂತ್ರ ಹಿಡಿದರೆ ಅರ್ಜಿ ತುಂಬುವುದು ರಾತ್ರಿಗೇ. ಅಲ್ಲಿ ಇಬ್ಬರಿದ್ದರೆ ಒಬ್ಬರು ಮುಂದಿನ ಗಲ್ಲೆಗೆ, ಇನ್ನೊಬ್ಬರು ಹಿಂದಿನ ಕಂಪ್ಯೂಟರಿಗೆ, ಮಧ್ಯಾಹ್ನ ಬದಲಿ. ಒಬ್ಬರೇ ಇದ್ದರೆ “ಅರ್ಜಿ ತುಂಬುವ ಹೊತ್ತು 11ರಿಂದ 1” ಎಂದು ಕನ್ನಡ ಮರಾಠಿ ಎರಡರಲ್ಲೂ ಬರೆದು ತೂಗುಹಾಕಿ.

ಕಾಯಿಸಬಾರದವರೂ ಇದ್ದಾರೆ. ಕಾಯಿಲೆ, ಸಾವು, ಈಯುವ ಎಮ್ಮೆ, ಶಾಲೆಯಿಂದ ಬಂದ ಫೋನ್, ಇವು ಬಂದಾಗ ಯೋಜನೆ ಮಡಚಿ ಎದ್ದುಬಿಡಿ. ಕಬ್ಬಿನವರಿಗೆ ಇನ್ನೊಂದಿದೆ, ಕಟಾವಿನ ಗ್ಯಾಂಗ್. ಅವರು ಬರುವ ದಿನ ರೈತನ ಕೈಯಲ್ಲಿಲ್ಲ. ಬಂದರೆಂದರೆ ಟ್ರ್ಯಾಕ್ಟರಿಗೆ ದಾರಿ ಮಾಡುವುದು, ಕೂಲಿಯವರ ನೀರು ನೆರಳು ನೋಡುವುದೇ ಆ ದಿನದ ಕೆಲಸ.

ಐದನೆಯ ಹಂತ: ಏಳುವ ಮೊದಲು ಗುರುತು

ಇಡೀ ಲೇಖನದಲ್ಲಿ ಒಂದನ್ನಷ್ಟೇ ಅನುಸರಿಸುವುದಾದರೆ ಇದನ್ನು ಅನುಸರಿಸಿ. ತಡೆಯಿಂದ ಆಗುವ ನಷ್ಟದಲ್ಲಿ ದೊಡ್ಡ ಪಾಲು ಮರಳಿ ಬಂದು “ಎಲ್ಲಿಗೆ ಬಂದಿತ್ತು?” ಎಂದು ಹುಡುಕುವುದರಲ್ಲಿದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ, ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿಯುತ್ತದೆ ಎಂದು ಬರೆದರು. ಮರಳಿ ಬಂದು ಎಲ್ಲಿಂದ ಶುರು ಮಾಡಬೇಕು ಎಂದು ಏಳುವ ಮೊದಲೇ ಗುರುತು ಮಾಡಿಕೊಂಡರೆ ಆ ಹೊರೆ ಇಳಿಯುತ್ತದೆ ಎಂಬುದು ಅವರ ನಂತರದ ಸಂಶೋಧನೆ.

ಟೇಲರ್‌ಗೆ ಗುರುತೆಂದರೆ ಮುಂದಿನ ಹೊಲಿಗೆ ಎಲ್ಲಿಂದ ಎಂದು ಚಾಕಿನ ಒಂದು ಗೆರೆ. ಲೆಕ್ಕ ಬರೆಯುವವರಿಗೆ ಕೊನೆಯ ಸಾಲಿನ ಪಕ್ಕ ಕೆಂಪು ಟಿಕ್, ಅಲ್ಲಿಯವರೆಗಿನ ಮೊತ್ತ. ನೀರು ಹಾಯಿಸುವವರಿಗೆ ನೀರು ನಿಂತ ಸಾಲಿನಲ್ಲಿ ನೆಟ್ಟ ಕಬ್ಬಿನ ಸೋಗೆ. ತೊಗಲು ಕತ್ತರಿಸುವವರು ಒದ್ದೆ ಗೋಣಿತಟ್ಟು ಮುಚ್ಚಿಯೇ ಏಳಬೇಕು.

ಆನ್‌ಲೈನ್ ಕೇಂದ್ರದಲ್ಲಿ ಈ ಗುರುತು ಹಣದಷ್ಟೇ ಮುಖ್ಯ. ಮೇಜಿನ ಮೇಲೆ ಮೂವರ ಆಧಾರ್ ಕಾರ್ಡ್, ಇಬ್ಬರ ಪಾಸ್‌ಬುಕ್, ಯಾರದೋ ರೇಷನ್ ಕಾರ್ಡ್. ಒಬ್ಬರ ಒಟಿಪಿ ಬರುವ ಮೊಬೈಲ್ ಮನೆಯಲ್ಲಿ, ಅದನ್ನು ತರಲು ಮಗ ಹೋಗಿದ್ದಾನೆ. ಅಷ್ಟರಲ್ಲಿ ಮತ್ತೊಬ್ಬರ ಅರ್ಜಿ ತೆರೆದರೆ ಒಬ್ಬರ ಸಂಖ್ಯೆ ಇನ್ನೊಬ್ಬರ ಹೆಸರಿಗೆ ಬೀಳಲು ಎಷ್ಟು ಹೊತ್ತು ಬೇಕು? ಒಬ್ಬರಿಗೆ ಒಂದು ಪಾರದರ್ಶಕ ಫೋಲ್ಡರ್ ಇಡಿ, ಮೇಲೆ ಚೀಟಿ: ಹೆಸರು, ಅರ್ಜಿ ಎಲ್ಲಿಯವರೆಗೆ ಬಂತು, ಇನ್ನೇನು ಬೇಕು. ಫೋಲ್ಡರ್ ಮುಚ್ಚದೆ ಮುಂದಿನವರ ಕಾಗದ ಮುಟ್ಟಬೇಡಿ. ಒಂದು ಅಂಕಿ ತಪ್ಪಿದ್ದಕ್ಕೆ ಮುದುಕಿಯ ಪಿಂಚಣಿ ತಿಂಗಳುಗಟ್ಟಲೆ ನಿಲ್ಲಬಹುದು.

ಆರನೆಯ ಹಂತ: ಓಡಾಟದ ಕೆಲಸವನ್ನು ದಾರಿಗೆ ಕಟ್ಟಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲ್ಲೂಕುಗಳಲ್ಲಿ ದಿನ ನುಂಗುವುದು ಓಡಾಟ. ನಿಪ್ಪಾಣಿ, ಕಾಗವಾಡ ಬೇರೆ ತಾಲ್ಲೂಕುಗಳಾದರೂ ಉಪವಿಭಾಗಾಧಿಕಾರಿ, ಆರ್‌ಟಿಒ, ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿ ಎಂದರೆ ಚಿಕ್ಕೋಡಿಗೇ ಹೋಗಬೇಕು. ದವಾಖಾನೆಗೆ ಅಥಣಿ, ಕಾಗವಾಡದವರು ಮಿರಜ್‌ಗೆ, ನಿಪ್ಪಾಣಿಯವರು ಕೊಲ್ಹಾಪುರಕ್ಕೆ. ಜಿಲ್ಲಾ ಕಚೇರಿಯೋ ದೂರದ ಬೆಳಗಾವಿಯಲ್ಲಿ. ಹೀಗಿರುವಾಗ ಓಡಾಟದ ಕೆಲಸಗಳನ್ನು ವಾರದ ದಿನಗಳಿಗೆ ಹಂಚುವುದಕ್ಕಿಂತ ದಿಕ್ಕುಗಳಿಗೆ ಹಂಚುವುದು ಲೇಸು.

ವಹಿಯ ಹಿಂದಿನ ಪುಟದಲ್ಲಿ ನಾಲ್ಕು ಅಂಕಣ ಎಳೆಯಿರಿ: ಚಿಕ್ಕೋಡಿ, ಮಿರಜ್, ಕೊಲ್ಹಾಪುರ, ಬೆಳಗಾವಿ, ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ. ಆ ಕಡೆಯ ಕೆಲಸ ನೆನಪಾದಾಗೆಲ್ಲ ಅಲ್ಲಿಗೆ ಸೇರಿಸಿ. ಮೂರು ನಾಲ್ಕು ಕೂಡಿದ ಮೇಲೆ, ಇಲ್ಲವೇ ಗಡುವಿನದು ಒಂದು ಬಂದಾಗ ಹೊರಡಿ. ಮನೆಯವರದು, ನೆರೆಯವರದು ಅದೇ ದಾರಿಯ ಕೆಲಸವಿದ್ದರೆ ಕೇಳಿ ತೆಗೆದುಕೊಳ್ಳಿ, ಮುಂದಿನ ಸಲ ಅವರು ನಿಮ್ಮದನ್ನು ಒಯ್ಯುತ್ತಾರೆ.

ಹೊರಡುವ ಮೊದಲು ಎರಡು ಸಂಗತಿ ನೋಡಿ. ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕೂ ಇಲ್ಲ, ರಾಜ್ಯ ಸರ್ಕಾರಿ ಕಚೇರಿಯೂ ಇಲ್ಲ. ಎರಡನೆಯದು, ಆ ಕೆಲಸಕ್ಕೆ ಹೋಗುವುದೇ ಬೇಕೆ? ಉತಾರವನ್ನು ಭೂಮಿ ಜಾಲತಾಣದಿಂದ ತೆಗೆಯಬಹುದು. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಊರಿನ ಗ್ರಾಮ ಒನ್ ಕೇಂದ್ರದಲ್ಲೇ ಅರ್ಜಿ ಹಾಕಬಹುದು. ಅರ್ಜಿ ಕೊಟ್ಟು ಬಂದ ಮೇಲೆ “ಆಯ್ತೇನ್ರಿ?” ಎಂದು ವಾರಕ್ಕೆರಡು ಸಲ ಕಚೇರಿಗೆ ಹೋಗುವ ಅಭ್ಯಾಸವನ್ನಂತೂ ಬಿಡಿ. ಸಕಾಲ ಯೋಜನೆ 2012ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರಡಿಯ ಸೇವೆಗೆ ಅರ್ಜಿ ಹಾಕಿದರೆ ಜಿಎಸ್‌ಸಿ ಸಂಖ್ಯೆ ಇರುವ ಸ್ವೀಕೃತಿ ಕೊಡಬೇಕು, ಕೆಲಸಕ್ಕೆ ಗಡುವು ಇರುತ್ತದೆ, ಗಡುವು ಮೀರಿದರೆ ಮೇಲ್ಮನವಿಗೆ ದಾರಿ ಇದೆ. ಸ್ವೀಕೃತಿ ಕೇಳಿ ಪಡೆಯಿರಿ, ಸಂಖ್ಯೆಯನ್ನು ವಹಿಯಲ್ಲಿ ಬರೆದು ಗಡುವಿನ ದಿನಾಂಕಕ್ಕೆ ಕ್ಯಾಲೆಂಡರಿನಲ್ಲಿ ಗುಂಡು ಸುತ್ತಿ. ಅಲ್ಲಿಯವರೆಗೆ ಆ ಕೆಲಸದ ಚಿಂತೆ ನಿಮ್ಮದಲ್ಲ.

ಒಂದು ಕೈಚೀಲವೂ ಸಿದ್ಧ ಇರಲಿ: ಮನೆಯ ಎಲ್ಲರ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್‌ಗಳ ಎರಡೆರಡು ಝೆರಾಕ್ಸ್, ನಾಲ್ಕು ಫೋಟೊ, ಒಂದು ಪೆನ್ನು. ಒಂದು ಝೆರಾಕ್ಸ್ ಇಲ್ಲದ್ದಕ್ಕೆ ಚಿಕ್ಕೋಡಿಯಿಂದ ಬರಿಗೈಲಿ ಮರಳುವ ಜನರನ್ನು ಬಸ್ಸಿನಲ್ಲಿ ನಿತ್ಯ ಕಾಣುತ್ತೇವೆ. ಅವರ ಒಂದು ದಿನದ ಕೂಲಿ ಹೋಯಿತು.

ಫೋನಿನ ಮಾತು

ಆರ್ಡರ್ ಬರುವುದು ಫೋನಿನಲ್ಲೇ ಆದ್ದರಿಂದ ಬಂದ್ ಮಾಡಲಾಗದು. ಮನೆ, ಶಾಲೆ, ವಯಸ್ಸಾದ ತಂದೆ ತಾಯಿ, ಕಬ್ಬಿನವರಿಗೆ ಕಾರ್ಖಾನೆಯ ಸ್ಲಿಪ್ ಬಾಯ್, ಇಷ್ಟು ಮಂದಿಗೆ ಬೇರೆ ರಿಂಗ್‌ಟೋನ್ ಇಡಿ, ಅದು ಕೇಳಿದರಷ್ಟೇ ಪಾಳಿಯ ನಡುವೆ ಎತ್ತಿ. ಉಳಿದವರಿಗೆ ಪಾಳಿ ಮುಗಿದ ಮೇಲೆ ನೀವೇ ಮಾಡಿ, ಮಾಡಲೇಬೇಕು. ವಾಟ್ಸ್‌ಆ್ಯಪ್ ಗುಂಪುಗಳನ್ನು ಮೌನಕ್ಕೆ ಹಾಕಿ, ಊಟದ ಹೊತ್ತಿಗೊಮ್ಮೆ ಸಂಜೆಗೊಮ್ಮೆ ನೋಡಿದರೆ ಸಾಕು.

ಸಂಜೆಯ ಹತ್ತು ನಿಮಿಷ

ಅಂಗಡಿ ಮುಚ್ಚುವ ಮೊದಲು ವಹಿ ತೆಗೆಯಿರಿ. ಆದದ್ದಕ್ಕೆ ಗೀಟು ಎಳೆಯಿರಿ, ಆಗದ್ದನ್ನು ನಾಳೆಯ ಪುಟಕ್ಕೆ ಕೈಯಾರೆ ಬರೆಯಿರಿ. ಮತ್ತೆ ಮತ್ತೆ ಬರೆದು ಕೈ ಬೇಸತ್ತ ಕೆಲಸವೊಂದು ಇದ್ದೇ ಇರುತ್ತದೆ. ಮೂರನೆಯ ಸಲಕ್ಕೆ ನಿರ್ಧಾರ ಮಾಡಿ: ನಾಳೆ ಬೆಳಿಗ್ಗೆ ಮೊದಲು ಅದೇ, ಇಲ್ಲವೇ ಬೇರೆಯವರಿಗೆ ವಹಿಸುವುದು, ಇಲ್ಲವೇ ಕೊಟ್ಟವರಿಗೆ ಫೋನ್ ಮಾಡಿ “ನನ್ನ ಕಡಿಂದ ಆಗೂದಿಲ್ರಿ, ತಪ್ಪ ತಿಳಕೋಬ್ಯಾಡ್ರಿ” ಎಂದು ಹೇಳುವುದು. ಹೇಳದೆ ತಿಂಗಳು ಕಾಯಿಸುವುದರಿಂದ ಸಂಬಂಧ ಕೆಡುತ್ತದೆ. ಹೇಳಿದರೆ ಆ ಹೊತ್ತಿನ ಸಂಕೋಚ ಅಷ್ಟೇ.

ವರ್ಷದ ಮೂರು ಕಾಲಕ್ಕೆ ಬೇರೆ ಲೆಕ್ಕ

ಕಾರ್ಖಾನೆಗಳು ಕಬ್ಬು ನುರಿಸಲು ಆರಂಭಿಸಿದ ಮೇಲೆ ಉಗಾರ ಖುರ್ದ, ರಾಯಬಾಗ, ಅಥಣಿ ಕಡೆಯ ರಸ್ತೆಗಳಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಓಡಾಟದ ಕೆಲಸಕ್ಕೆ ಎಂದಿಗಿಂತ ಅರ್ಧ ಗಂಟೆ ಹೆಚ್ಚು ಹಿಡಿಯಿರಿ, ಕತ್ತಲಾದ ಮೇಲೆ ಬೈಕ್ ಮೇಲಿನ ಪಯಣ ಇಟ್ಟುಕೊಳ್ಳಬೇಡಿ. ಭರತ ಹುಣ್ಣಿಮೆಯ ಹೊತ್ತಿಗೆ ಚಿಂಚಲಿ ಮಾಯಕ್ಕನ ಜಾತ್ರೆ. ಮನೆ ತುಂಬ ಬೀಗರು ಬರುವ ಆ ದಿನಗಳಿಗೆ ಗಡುವಿನ ಕೆಲಸ ಒಪ್ಪಿಕೊಳ್ಳಬೇಡಿ, ವರ್ಷದ ಆರಂಭದಲ್ಲೇ ಕ್ಯಾಲೆಂಡರಿನಲ್ಲಿ ಆ ವಾರಕ್ಕೆ ಅಡ್ಡಗೆರೆ ಎಳೆದುಬಿಡಿ.

ಮೂರನೆಯದು ಮಳೆಗಾಲ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ತುಂಬಿ ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಸಿದ್ನಾಳ–ಅಕ್ಕೋಳದಂಥ ಕೆಳಮಟ್ಟದ ಸೇತುವೆಗಳು ನೀರಿನಡಿ ಹೋಗುತ್ತವೆ. ಹತ್ತು ನಿಮಿಷದ ದಾರಿ ಸುತ್ತುಬಳಸಿ ಅರ್ಧ ದಿನದ್ದಾಗುತ್ತದೆ. ವಹಿಯಲ್ಲಿ “ಹೊಳಿ ಆಚೆ” ಎಂದು ಇನ್ನೊಂದು ಅಂಕಣ ಮಾಡಿ, ಅಲ್ಲಿರುವುದನ್ನು ಜೂನ್ ಮುಗಿಯುವುದರೊಳಗೆ ಮುಗಿಸಿ. ತಿಂಗಳ ಗುಳಿಗೆ, ದನದ ಹಿಂಡಿ, ಹೊಲಿಗೆಯ ದಾರ ಆಚೆ ದಂಡೆಯಿಂದಲೇ ಬರಬೇಕಾದರೆ ಎರಡು ತಿಂಗಳಿಗೆ ಆಗುವಷ್ಟು ತಂದಿಡಿ. ಉಳಿದ ಕೆಲಸ ಆಚೆಯ ಊರಿನ ನೆಂಟರಿಗೆ ಒಪ್ಪಿಸಿ, ಅದಕ್ಕೆ ಬೇಕಾದ ಕಾಗದಗಳನ್ನು ಮಳೆಗೆ ಮೊದಲೇ ಅವರ ಕೈಗೆ ಮುಟ್ಟಿಸಿ.